ಬೆಕ್ಕು ಕಣ್ಣು ಕಿರಿದು ಮಾಡಿ ನೋಡಿದರೆ ಅದು ಪ್ರೀತಿಯೇ? ಫಾರ್ವರ್ಡ್‌ಗಳು ಹೇಳದ ಉಳಿದರ್ಧ

ಬೆಕ್ಕು ನಿಮ್ಮನ್ನು ನೋಡುತ್ತಾ ನಿಧಾನವಾಗಿ ಕಣ್ಣು ಮುಚ್ಚಿ ತೆರೆದರೆ ಅದು ನಿಮಗೆ ಮುತ್ತು ಕೊಟ್ಟಂತೆ, ‘ಐ ಲವ್ ಯೂ’ ಎಂದಂತೆ ಎನ್ನುವ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲೂ ರೀಲ್‌ಗಳಲ್ಲೂ ಆಗಾಗ ಬರುತ್ತಿರುತ್ತವೆ. ಇದು ನಿಜವೇ? ನಾವು ಈ ವಿಷಯದ ಸಂಶೋಧನೆಗಳನ್ನು ಓದಿ ನೋಡಿದೆವು. ಸಂದೇಶ ಪೂರ್ತಿ ಸುಳ್ಳಲ್ಲ. ಆದರೆ ಅದು ಹೇಳುವುದು ಅರ್ಧ ಮಾತ್ರ.

ಬೆಕ್ಕಿನ ವಿಷಯ ತಾನೇ, ಅರ್ಧ ನಿಜ ಹಂಚಿದರೆ ಏನಾಗುತ್ತದೆ ಎಂದು ನಿಮಗೆ ಅನಿಸಬಹುದು. ಬೆಕ್ಕು ನೋವಿದ್ದಾಗಲೂ ಕಣ್ಣು ಕಿರಿದು ಮಾಡಿಕೊಳ್ಳುತ್ತದೆ. ಅದನ್ನೇ ಪ್ರೀತಿ ಎಂದುಕೊಂಡು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುತ್ತಾ ಕೂತರೆ ಚಿಕಿತ್ಸೆ ತಡವಾಗುತ್ತದೆ. ಆದ್ದರಿಂದ ಎರಡರ ವ್ಯತ್ಯಾಸ ತಿಳಿದಿರಬೇಕು.

ಸಂಶೋಧನೆ ಏನು ಹೇಳುತ್ತದೆ?

ಬೆಕ್ಕು ಸಾಕಿದವರು ಈ ನಿಧಾನದ ಮಿಟುಕನ್ನು ಬಹಳ ಹಿಂದಿನಿಂದಲೂ ಗಮನಿಸಿದ್ದಾರೆ. ಮೊದಲು ರೆಪ್ಪೆಗಳು ಎರಡು ಮೂರು ಬಾರಿ ಅರ್ಧಕ್ಕೆ ಇಳಿಯುತ್ತವೆ. ಆಮೇಲೆ ಕಣ್ಣು ಸ್ವಲ್ಪ ಹೊತ್ತು ಕಿರಿದಾಗಿಯೇ ಉಳಿಯುತ್ತದೆ, ಇಲ್ಲವೇ ಪೂರ್ತಿ ಮುಚ್ಚುತ್ತದೆ. ಬ್ರಿಟನ್ನಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ಸಂಶೋಧಕರು ಇದನ್ನು ಪ್ರಯೋಗದ ಮೂಲಕ ಪರೀಕ್ಷಿಸಿ, 2020ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಟ್ಯಾಸ್ಮಿನ್ ಹಂಫ್ರಿ ಮತ್ತು ಕ್ಯಾರೆನ್ ಮೆಕ್‌ಕೋಂಬ್ ಈ ತಂಡದಲ್ಲಿದ್ದರು.

ಮೊದಲ ಪ್ರಯೋಗ 14 ಮನೆಗಳ 21 ಬೆಕ್ಕುಗಳ ಮೇಲೆ ನಡೆಯಿತು. ಬೆಕ್ಕು ತನ್ನ ಜಾಗದಲ್ಲಿ ಆರಾಮವಾಗಿ ಕೂತಿದ್ದಾಗ ಮನೆಯವರು ಸುಮಾರು ಒಂದು ಮೀಟರ್ ದೂರದಲ್ಲಿ ಕೂತು ಅದರತ್ತ ನಿಧಾನವಾಗಿ ಕಣ್ಣು ಮಿಟುಕಿಸಿದರು. ಸುಮ್ಮನಿದ್ದಾಗಿಗಿಂತ ಹೀಗೆ ಮಾಡಿದಾಗ ಬೆಕ್ಕುಗಳು ತಾವೂ ಹಾಗೆಯೇ ಮಿಟುಕಿಸುವುದು ಹೆಚ್ಚಾಗಿ ಕಂಡುಬಂತು.

ಎರಡನೇ ಪ್ರಯೋಗದಲ್ಲಿ 8 ಮನೆಗಳ 24 ಬೆಕ್ಕುಗಳಿದ್ದವು. ಈ ಸಲ ಮಿಟುಕಿಸಿದವರು ಮನೆಯವರಲ್ಲ, ಬೆಕ್ಕಿಗೆ ಪರಿಚಯವಿಲ್ಲದ ಸಂಶೋಧಕರು. ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂತಾಗಿಗಿಂತ ನಿಧಾನವಾಗಿ ಕಣ್ಣು ಮಿಟುಕಿಸಿದಾಗ, ಚಾಚಿದ ಕೈಯ ಹತ್ತಿರ ಬೆಕ್ಕುಗಳು ಬರುವ ಸಾಧ್ಯತೆ ಹೆಚ್ಚಿತ್ತು. ಮನೆಯವರ ಮೇಲಿನ ಅಕ್ಕರೆಯೊಂದೇ ಕಾರಣವಾಗಿದ್ದರೆ ಅಪರಿಚಿತರ ಬಳಿ ಹೀಗೆ ಆಗಬೇಕಿರಲಿಲ್ಲ. ಅಂದರೆ ಈ ಮಿಟುಕಿನಲ್ಲೇ ಬೆಕ್ಕಿಗೆ ಅರ್ಥವಾಗುವ ಏನೋ ಒಂದು ಸೂಚನೆ ಇದೆ.

ಹಾಗಾದರೆ ಅದು ‘ಪ್ರೀತಿ’ಯೇ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಬೆಕ್ಕುಗಳ ನಡುವೆ ಎವೆಯಿಕ್ಕದೆ ದಿಟ್ಟಿಸುವುದು ಬೆದರಿಕೆ. ಜಗಳಕ್ಕೆ ನಿಂತ ಎರಡು ಬೆಕ್ಕುಗಳನ್ನು ಗಮನಿಸಿದರೆ ಇದು ನಿಮಗೇ ತಿಳಿಯುತ್ತದೆ. ಆ ದಿಟ್ಟಿಯನ್ನು ಮುರಿಯಲು, ‘ನಾನು ಜಗಳಕ್ಕೆ ಬಂದಿಲ್ಲ’ ಎಂದು ತೋರಿಸಲು ಈ ಮಿಟುಕು ಹುಟ್ಟಿಕೊಂಡಿರಬಹುದು ಎಂಬುದು ಸಂಶೋಧಕರು ಮುಂದಿಟ್ಟಿರುವ ಒಂದು ವಿವರಣೆ. ಜನ ಅದಕ್ಕೆ ಅಕ್ಕರೆಯಿಂದ ಸ್ಪಂದಿಸುವುದರಿಂದ ಮನೆಯ ಬೆಕ್ಕುಗಳಲ್ಲಿ ಅದು ಇನ್ನಷ್ಟು ಬೆಳೆದಿರಬಹುದು ಎಂಬುದು ಇನ್ನೊಂದು.

2020ರಲ್ಲೇ ಪ್ರಕಟವಾದ ಮತ್ತೊಂದು ಅಧ್ಯಯನ ಆಶ್ರಯತಾಣದಲ್ಲಿದ್ದ 18 ಬೆಕ್ಕುಗಳದ್ದು. ಮನುಷ್ಯರ ಮಿಟುಕಿಗೆ ಹೆಚ್ಚು ಸ್ಪಂದಿಸಿದ ಬೆಕ್ಕುಗಳನ್ನು ಜನ ಬೇಗ ದತ್ತು ಪಡೆದರು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಮನುಷ್ಯರೆಂದರೆ ಅಳುಕುವ ಬೆಕ್ಕುಗಳು ಹೆಚ್ಚು ಹೊತ್ತು ಹೀಗೆ ಕಣ್ಣು ಮಿಟುಕಿಸುವ ಒಲವು ತೋರಿದವು. ಅಂದರೆ ಖುಷಿಯಲ್ಲಿರುವ ಬೆಕ್ಕು ಮಾತ್ರವಲ್ಲ, ಸ್ವಲ್ಪ ಹೆದರಿದ ಬೆಕ್ಕೂ ಎದುರಿನವರನ್ನು ಸಮಾಧಾನಪಡಿಸಲು ಇದನ್ನು ಬಳಸುತ್ತಿರಬಹುದು. ‘ಐ ಲವ್ ಯೂ’ ಎಂಬುದಕ್ಕಿಂತ ‘ನನ್ನಿಂದ ನಿನಗೆ ತೊಂದರೆ ಇಲ್ಲ’ ಎಂಬುದು ಈ ಮಿಟುಕಿನ ಅರ್ಥಕ್ಕೆ ಹತ್ತಿರ ಎನ್ನುವುದು ನಮ್ಮ ತಿಳಿವಳಿಕೆ.

ಬೆಕ್ಕು ನಮ್ಮ ಕಣ್ಣನ್ನೂ ಓದುತ್ತದೆ

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಂಬ ಗಾದೆ ನಮ್ಮಲ್ಲಿದೆ. ತಾನು ನೋಡದಿದ್ದರೆ ಯಾರೂ ತನ್ನನ್ನು ನೋಡುವುದಿಲ್ಲ ಎಂದು ಬೆಕ್ಕು ಅಂದುಕೊಳ್ಳುತ್ತದೆ ಎನ್ನುವುದು ಅದರ ತಾತ್ಪರ್ಯ. ಕಪಟ ಮಾಡುವ ಮನುಷ್ಯರಿಗೆ ಗಾದೆ ಚೆನ್ನಾಗಿ ಹೊಂದುತ್ತದೆ. ಆದರೆ ಬೆಕ್ಕು ಅಷ್ಟು ಪೆದ್ದಲ್ಲ. ಎದುರಿನವರು ಎಲ್ಲಿ ನೋಡುತ್ತಿದ್ದಾರೆ ಎಂಬುದನ್ನು ಅದು ಗಮನಿಸುತ್ತದೆ.

ಹಂಗೆರಿಯ ಬುಡಾಪೆಸ್ಟ್‌ನಲ್ಲಿ ನಡೆದ ಪ್ರಯೋಗವೊಂದರಲ್ಲಿ ಎರಡು ಬಟ್ಟಲುಗಳ ಪೈಕಿ ಒಂದರತ್ತ ಸಂಶೋಧಕರು ಕೇವಲ ನೋಟದಿಂದ ಸೂಚನೆ ಕೊಟ್ಟರು. ಸುಮಾರು ಶೇ 70ರಷ್ಟು ಸಲ ಬೆಕ್ಕುಗಳು ಸರಿಯಾದ ಬಟ್ಟಲನ್ನೇ ಆರಿಸಿದವು. ಇಟಲಿಯ ಮಿಲಾನ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಿಬ್ಬನ್ ಕಟ್ಟಿದ ಫ್ಯಾನ್ ಒಂದನ್ನು 24 ಬೆಕ್ಕುಗಳಿಗೆ ತೋರಿಸಲಾಯಿತು. ಶೇ 79ರಷ್ಟು ಬೆಕ್ಕುಗಳು ಆ ವಿಚಿತ್ರ ವಸ್ತುವನ್ನು ಒಮ್ಮೆ, ಮನೆಯವರ ಮುಖವನ್ನು ಒಮ್ಮೆ ನೋಡಿದವು. ಹೊಸ ಜಾಗಕ್ಕೆ ಹೋದ ಮಗು ಅಮ್ಮನ ಮುಖ ನೋಡುತ್ತದಲ್ಲ, ಹೆಚ್ಚುಕಡಿಮೆ ಹಾಗೆ.

ಕಣ್ಣಿನಲ್ಲಿ ಕಾಣುವುದೆಲ್ಲ ಮಾತಲ್ಲ

ಬೆಕ್ಕಿನ ಕಣ್ಣಿನ ಕೆಲವು ಬದಲಾವಣೆಗಳಿಗೂ ಅದರ ಮನಸ್ಸಿಗೂ ಸಂಬಂಧವೇ ಇರುವುದಿಲ್ಲ.

ರಾತ್ರಿ ಟಾರ್ಚ್ ಬಿಟ್ಟಾಗ ಬೆಕ್ಕಿನ ಕಣ್ಣು ಹೊಳೆಯುವುದು ದೆವ್ವದ ಲಕ್ಷಣವಲ್ಲ, ಕೋಪವೂ ಅಲ್ಲ. ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಪದರವೊಂದಿದ್ದು, ಒಳಗೆ ಬಂದ ಬೆಳಕನ್ನು ಅದು ಹಿಂದಕ್ಕೆ ಹೊಮ್ಮಿಸುತ್ತದೆ. ಇದರಿಂದ ಮಂದ ಬೆಳಕಿನಲ್ಲೂ ಬೆಕ್ಕಿಗೆ ಚೆನ್ನಾಗಿ ಕಾಣುತ್ತದೆ. ಚೂರೂ ಬೆಳಕಿಲ್ಲದ ಕತ್ತಲಲ್ಲಿ ಬೆಕ್ಕಿಗೂ ಏನೂ ಕಾಣದು.

ಕಣ್ಣಿನ ಪಾಪೆಯೂ ಹಾಗೆಯೇ. ಬಿಸಿಲಿನಲ್ಲಿ ಅದು ಗೆರೆಯಷ್ಟು ಸಣ್ಣಗಾಗುತ್ತದೆ, ಮಬ್ಬಿನಲ್ಲಿ ದುಂಡಗೆ ಅಗಲವಾಗುತ್ತದೆ. ಬೆಳಕು ಬದಲಾಗದಿದ್ದರೂ ಪಾಪೆ ಥಟ್ಟನೆ ಅಗಲವಾದರೆ ಮಾತ್ರ ಅದು ಹೆದರಿಕೆ ಅಥವಾ ಆಟದ ಉತ್ಸಾಹ ಇರಬಹುದು. ಯಾವುದೆಂದು ತಿಳಿಯಲು ಕಿವಿ ಮತ್ತು ಬಾಲ ನೋಡಬೇಕು. ಕಿವಿ ಹಿಂದಕ್ಕೆ ಅಂಟಿಕೊಂಡು ಬಾಲ ಪಟಪಟನೆ ಬಡಿಯುತ್ತಿದ್ದರೆ ಕೈ ಹಾಕಬೇಡಿ.

ನೋವನ್ನು ಪ್ರೀತಿ ಎಂದುಕೊಳ್ಳಬೇಡಿ

ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರ ತಂಡ 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಕ್ರಮವೊಂದನ್ನು ಪ್ರಕಟಿಸಿತು. ಕಿವಿಗಳ ಸ್ಥಿತಿ, ಕಣ್ಣು ಬಿಗಿದಿರುವುದು, ಮೂತಿಯ ಬಿಗಿತ, ಮೀಸೆಗಳ ದಿಕ್ಕು, ತಲೆಯ ಭಂಗಿ ಎಂಬ ಐದು ಅಂಶಗಳಿಗೆ 0ಯಿಂದ 2ರವರೆಗೆ ಅಂಕ ಕೊಡುತ್ತಾರೆ. ಫಾರ್ವರ್ಡ್‌ಗಳಲ್ಲಿ ‘ಪ್ರೀತಿಯ ನೋಟ’ ಎನಿಸಿಕೊಳ್ಳುವ ಅರೆಮುಚ್ಚಿದ ಕಣ್ಣು ಈ ಪಟ್ಟಿಯಲ್ಲಿ ನೋವಿನ ಗುರುತು.

ವ್ಯತ್ಯಾಸ ಗುರುತಿಸುವುದು ಹೇಗೆ?

- ನೆಮ್ಮದಿಯ ಮಿಟುಕು ಬಂದು ಹೋಗುತ್ತದೆ. ಕಣ್ಣು ಮತ್ತೆ ಪೂರ್ತಿ ತೆರೆಯುತ್ತದೆ. ಮೈ ಸಡಿಲವಾಗಿರುತ್ತದೆ, ಕಿವಿ ನೆಟ್ಟಗೆ ಮುಂದಕ್ಕಿರುತ್ತದೆ.
- ನೋವಿದ್ದರೆ ಕಣ್ಣು ಕಿರಿದಾಗಿಯೇ ಉಳಿಯುತ್ತದೆ. ಬೆಕ್ಕು ಮುದುಡಿ ಕೂರುತ್ತದೆ, ತಲೆ ತಗ್ಗಿರುತ್ತದೆ, ಕಿವಿಗಳು ಪಕ್ಕಕ್ಕೆ ತಿರುಗಿರುತ್ತವೆ, ಊಟ ಬಿಡಬಹುದು.
- ಒಂದೇ ಕಣ್ಣು ಮುಚ್ಚಿಕೊಳ್ಳುವುದು, ನೀರು ಅಥವಾ ಪಿಸುರು ಸುರಿಯುವುದು, ಎಚ್ಚರವಾಗಿದ್ದಾಗಲೂ ಒಳಗಿನ ಬಿಳಿ ಮೂರನೇ ರೆಪ್ಪೆ ಕಾಣಿಸುವುದು, ಎರಡು ಪಾಪೆಗಳ ಗಾತ್ರ ಬೇರೆ ಬೇರೆ ಇರುವುದು — ಇವುಗಳಲ್ಲಿ ಯಾವುದಿದ್ದರೂ ಪಶುವೈದ್ಯರಿಗೆ ತೋರಿಸಿ.

ಮನೆಯಲ್ಲಿರುವ, ಮನುಷ್ಯರಿಗೆ ಬರೆದುಕೊಟ್ಟ ಕಣ್ಣಿನ ಡ್ರಾಪ್ಸ್ ಹಾಕಬೇಡಿ. ಕಣ್ಣಿನ ಮೇಲೆ ಗಾಯವಿದ್ದಾಗ ಸ್ಟೀರಾಯ್ಡ್ ಇರುವ ಡ್ರಾಪ್ಸ್ ಬಿದ್ದರೆ ಗಾಯ ಕೆಡಬಹುದು. ನೋವಿಗೆಂದು ಪ್ಯಾರಾಸಿಟಮಾಲ್ ಅಂತೂ ಕೊಡಲೇಬೇಡಿ. ಅದು ಬೆಕ್ಕಿಗೆ ವಿಷ, ಜೀವಕ್ಕೇ ಅಪಾಯ.

ನೀವೂ ಮಾಡಿ ನೋಡಬಹುದೇ?

ಖಂಡಿತ. ಬೆಕ್ಕು ಆರಾಮವಾಗಿರುವಾಗ ಸ್ವಲ್ಪ ದೂರದಲ್ಲಿ ಕೂತುಕೊಳ್ಳಿ. ಮುಗುಳ್ನಗುವಾಗ ಕಣ್ಣು ಕಿರಿದಾಗುವಂತೆ ಕಿರಿದು ಮಾಡಿ, ಎರಡು ಸೆಕೆಂಡ್ ಮುಚ್ಚಿ, ನಿಧಾನವಾಗಿ ತೆರೆಯಿರಿ. ಅದು ತಿರುಗಿ ಮಿಟುಕಿಸದಿದ್ದರೆ ಬೇಸರ ಬೇಡ. ಪ್ರಯೋಗಗಳಲ್ಲಿ ಕಂಡದ್ದು ಹೆಚ್ಚಿನ ಸಾಧ್ಯತೆ ಮಾತ್ರ, ಪ್ರತಿ ಬೆಕ್ಕೂ ಪ್ರತಿ ಸಲ ಸ್ಪಂದಿಸುತ್ತದೆ ಎಂದಲ್ಲ. ಮಿಟುಕಿಸಲಿಲ್ಲ ಎಂದರೆ ನಿಮ್ಮ ಮೇಲೆ ಪ್ರೀತಿ ಇಲ್ಲ ಎಂದೂ ಅಲ್ಲ.

ಬೀದಿ ಬೆಕ್ಕಿನೊಂದಿಗೆ ಈ ಪ್ರಯೋಗಕ್ಕೆ ಮಕ್ಕಳನ್ನು ಬಿಡಬೇಡಿ. ಮಿಟುಕಿಸಿದ ಬೆಕ್ಕು ಎತ್ತಿಕೊಳ್ಳಲು ಒಪ್ಪಿಗೆ ಕೊಟ್ಟಿತು ಎಂದರ್ಥವಲ್ಲ. ಬೆಕ್ಕಿನಿಂದಲೂ ರೇಬೀಸ್ ಹರಡಬಹುದು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ.

ಒಟ್ಟಾರೆ ಹೇಳುವುದಾದರೆ

ಬೆಕ್ಕಿನ ನಿಧಾನದ ಮಿಟುಕು ನಿಜವಾದ ಸಂವಹನ, ಅದಕ್ಕೆ ಪ್ರಯೋಗದ ಆಧಾರವಿದೆ. ಆದರೆ ಅದನ್ನು ‘ಐ ಲವ್ ಯೂ’ ಎಂದು ಅನುವಾದಿಸಲು ಆಧಾರವಿಲ್ಲ. ಕಿರಿದಾದ ಕಣ್ಣು ನೆಮ್ಮದಿಯೂ ಇರಬಹುದು, ಅಳುಕೂ ಇರಬಹುದು, ನೋವೂ ಇರಬಹುದು. ಮುಂದಿನ ಸಲ ಈ ಸಂದೇಶ ನಿಮಗೆ ಬಂದಾಗ ಹಾಗೆಯೇ ದಾಟಿಸದೆ, ಜೊತೆಗೆ ಒಂದು ಸಾಲು ಸೇರಿಸಿ: ‘ಕಣ್ಣು ಕಿರಿದಾಗಿಯೇ ಉಳಿದರೆ ಪಶುವೈದ್ಯರಿಗೆ ತೋರಿಸಿ.’