ಅಜ್ಜನ ಕೈತೋಟ: ಚಿನ್ನದ ಮಣಿಗಳ ಗಿಡ



ಕಳೆದ ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದೆ. ಒಂದನೇ ತರಗತಿಯ ಮೊಮ್ಮಗಳು ಓಡಿಬಂದು ಮುಷ್ಟಿ ಬಿಚ್ಚಿದಳು. ಅಂಗೈ ತುಂಬ ಹೊಳೆಯುವ ಹಳದಿ ಮಣಿಗಳು.

"ಅಜ್ಜಾ, ಇದೂ ಗಸಗಸೆ ಹಣ್ಣಾ? ತಿನ್ನಲಾ?"

ಪೇಪರ್ ಕೆಳಗೆ ಬಿತ್ತು. ತಿಂದಿಲ್ಲ ತಾನೇ ಎಂದು ಎರಡು ಸಲ ಕೇಳಿ, ಬಾಯಿ ತೆರೆಸಿ ನೋಡಿ, ಕೈ ತೊಳೆಸಿದ ಮೇಲೆಯೇ ನನಗೆ ಜೀವ ಬಂದದ್ದು.

ಅದು ನಮ್ಮ ಕಾಂಪೌಂಡ್ ಪಕ್ಕದ ಡುರಾಂಟಾ ಗಿಡದ ಹಣ್ಣು. ಪಾರ್ಕಿನ ಅಂಚಿನಲ್ಲಿ ಹಳದಿ ಎಲೆಯ ಬೇಲಿ ನೋಡಿದ್ದೀರಲ್ಲ, ಅದೂ ಇದೇ ಜಾತಿ. ಪದೇ ಪದೇ ಕತ್ತರಿಸುವುದರಿಂದ ಬೇಲಿಯಲ್ಲಿ ಹೂ ಅಪರೂಪ. ಬೆಳೆಯಲು ಬಿಟ್ಟರೆ ಸುಮಾರು 15 ಅಡಿಯ ಪುಟ್ಟ ಮರವೇ ಆಗುತ್ತದೆ. ಬಾಗಿದ ಕೊಂಬೆಗಳಲ್ಲಿ ತಿಳಿ ನೇರಳೆ ಹೂಗೊಂಚಲು, ಜೊತೆಗೇ ಚಿನ್ನದ ಬಣ್ಣದ ಹಣ್ಣಿನ ಸರ! ಮೆಕ್ಸಿಕೊ, ಕೆರಿಬಿಯನ್ ದ್ವೀಪಗಳ ಕಡೆಯ ಗಿಡವಿದು. 16ನೇ ಶತಮಾನದ ಇಟಲಿಯ ವೈದ್ಯ ಕ್ಯಾಸ್ಟೋರೆ ಡುರಾಂಟೆ ಅವರ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಹೆಸರು ವೈದ್ಯರದು, ಹಣ್ಣು ಮಾತ್ರ ವಿಷ.

"ಇವತ್ತೇ ಬುಡಸಮೇತ ಕೀಳಿಸಿ" ಎಂದಳು ಅಜ್ಜಿ. ಮೊಮ್ಮಗಳ ಕಣ್ಣು ತುಂಬಿತು. "ಹಾಗಾದ್ರೆ ಪಿಕಳಾರಕ್ಕೆ ಊಟ ಯಾರು ಕೊಡ್ತಾರೆ ಅಜ್ಜಿ? ಅದು ದಿನಾ ತಿನ್ನತ್ತಲ್ಲ!"

ಅವಳು ನೋಡಿದ್ದು ನಿಜ. ಹಕ್ಕಿಗಳಿಗೆ ಈ ಹಣ್ಣು ಏನೂ ಮಾಡುವುದಿಲ್ಲ. ಆದರೆ ಹಕ್ಕಿ ತಿಂದದ್ದನ್ನೆಲ್ಲ ನಾವು ತಿನ್ನುವಂತಿಲ್ಲ. ನಾಯಿಮರಿಗೂ ಇದು ಅಪಾಯ.

ಕೊನೆಗೆ ಮೂವರೂ ಒಂದು ಒಪ್ಪಂದಕ್ಕೆ ಬಂದೆವು. ಮಕ್ಕಳ ಕೈಗೆಟುಕುವ ಕೊಂಬೆಗಳನ್ನು ನಾನು ಕತ್ತರಿಸಬೇಕು. ಕೆಳಗೆ ಉದುರಿದ ಹಣ್ಣನ್ನು ಅಜ್ಜಿ ದಿನವೂ ಗುಡಿಸಬೇಕು. ದೊಡ್ಡವರನ್ನು ಕೇಳದೆ ಯಾವ ಹಣ್ಣನ್ನೂ ಮೊಮ್ಮಗಳು ಬಾಯಿಗಿಡಬಾರದು. ಮೇಲಿನ ಹಣ್ಣೆಲ್ಲ ಪಿಕಳಾರಕ್ಕೆ.

ಗುರುತು ಹಿಡಿಯುವುದು ಸುಲಭ. ಗಸಗಸೆ ಹಣ್ಣು ಕೆಂಪು, ಮೆತ್ತಗೆ, ಒಳಗೆ ಸಣ್ಣ ಸಣ್ಣ ಬೀಜ. ಡುರಾಂಟಾ ಹಣ್ಣು ಹಳದಿ, ಗೊಂಚಲಾಗಿ ಇಳಿಬಿದ್ದಿರುತ್ತದೆ, ತುದಿಯಲ್ಲಿ ಪುಟ್ಟ ಕೊಕ್ಕು.

ಬೆಳೆಸುವ ಆಸೆಯೇ? ಮಳೆಗಾಲದ ಶುರುವಿನಲ್ಲಿ ಗೇಣುದ್ದದ ಬಲಿತ ಕಡ್ಡಿ ಕತ್ತರಿಸಿ. ಕೆಲವು ಗಿಡಕ್ಕೆ ಮುಳ್ಳಿರುತ್ತದೆ, ಜೋಪಾನ. ಕೆಳಗಿನ ಎಲೆ ತೆಗೆದು, ಮಣ್ಣು ಮರಳು ಬೆರೆಸಿದ ಕುಂಡದಲ್ಲಿ ಊರಿ ನೆರಳಿನಲ್ಲಿಡಿ. ಬೇರು ಬಿಟ್ಟು ಚಿಗುರಿದ ಮೇಲೆ ಚೆನ್ನಾಗಿ ಬಿಸಿಲು ಬೀಳುವ ಕಡೆ, ಕೊಟ್ಟಿಗೆ ಗೊಬ್ಬರ ಹಾಕಿ ನೆಡಿ. ನೆರಳಾದರೆ ಹೂ ಕಡಿಮೆ. ಹೂವಿಗೆ ಚಿಟ್ಟೆ, ಜೇನು ಎರಡೂ ಬರುತ್ತವೆ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಮಾತ್ರ ಅದು ದೊಡ್ಡದಾಗುವವರೆಗೆ ಈ ಗಿಡ ಬೇಡ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಮಗು ಅಕಸ್ಮಾತ್ ತಿಂದರೆ ಬಾಯಿ ಒರೆಸಿ ತೆಗೆಯಿರಿ. ವಾಂತಿ ಮಾಡಿಸಲು ಹೋಗಬೇಡಿ. ಗಿಡದ ಒಂದು ರೆಂಬೆ ಹಿಡಿದು ಕೂಡಲೇ ಆಸ್ಪತ್ರೆಗೆ ಹೊರಡಿ.

ನಿನ್ನೆ ಪಕ್ಕದ ಮನೆಯ ಹುಡುಗ ಹಣ್ಣಿಗೆ ಕೈ ಚಾಚಿದ. ಮೊಮ್ಮಗಳು ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ಅದು ಹಕ್ಕಿ ಹಣ್ಣು ಕಣೋ. ನಿಂಗೆ ರೆಕ್ಕೆ ಇದ್ಯಾ?"