ಬೀಗ ಬಿದ್ದ ಇಗರ್ಜಿ

ಅಂಧೇರಿ ಪೂರ್ವದ ಸೀಪ್ಜ್ ಆವರಣಕ್ಕೆ ದಿನವೂ ದುಡಿಯಲು ಹೋಗುವ ನಮ್ಮವರಲ್ಲಿ ಕೆಲವರಾದರೂ ಅಲ್ಲಿನ ಪಾಳುಬಿದ್ದ ಇಗರ್ಜಿಯನ್ನು ಕಂಡಿರಬೇಕು. ಸ್ನಾನಿಕ ಯೋಹಾನನ ಹೆಸರಿನ ಆ ಇಗರ್ಜಿಯನ್ನು ಯೇಸುಸಭೆಯ ಪಾದ್ರಿಗಳು 1579ರಲ್ಲಿ ಕಟ್ಟಿಸಿದರು. 1840ರಲ್ಲಿ ಊರಿಗೆ ಸಾಂಕ್ರಾಮಿಕ ಜಾಡ್ಯ ಬಡಿಯಿತು. ಜನರು ಇಗರ್ಜಿಯನ್ನು ಅಲ್ಲೇ ಬಿಟ್ಟು ಮರೋಲಿಗೆ ಹೋಗಿ ಬೇರೊಂದನ್ನು ಕಟ್ಟಿಕೊಂಡರು. ಎರಡೂವರೆ ಶತಮಾನದ ಆರಾಧನಾಸ್ಥಳವನ್ನು ಬಿಟ್ಟು ನಡೆಯುವಾಗ ಅವರ ಹೊಟ್ಟೆಯಲ್ಲಿ ಎಷ್ಟು ಸಂಕಟವಾಗಿತ್ತೋ!

ಆ ಗೋಡೆಗಳು ನಮಗೆ ಮತ್ತೆ ನೆನಪಾದದ್ದು 2020ರಲ್ಲಿ. ಮಾರ್ಚಿ ತಿಂಗಳಲ್ಲಿ ಮುಂಬಯಿಯ ಇಗರ್ಜಿಗಳಲ್ಲಿ ಸಾರ್ವಜನಿಕ ಪೂಜೆ ನಿಂತುಹೋಯಿತು. ಗುಡಿ ಮಸೀದಿಗಳಿಗೂ ಬೀಗ ಬಿತ್ತು. ನಮ್ಮ ಕಟ್ಟಡದಲ್ಲಿ ಉಡುಪಿ ಕಡೆಯ ಬಾಯಮ್ಮನವರೊಬ್ಬರು ಇದ್ದಾರೆ. ಭಾನುವಾರದ ಪೂಜೆ ತಪ್ಪಿಸಿದವರಲ್ಲ. "ಬಿಷಪರೇ ಬೇಡವೆಂದ ಮೇಲೆ ಪಾಪವಿಲ್ಲ, ಗೊತ್ತುಂಟು. ಆದರೆ ಮನಸ್ಸು ಕೇಳಬೇಕಲ್ಲ ಮಾರಾಯ್ರೇ?" ಎಂದು ಮೆಟ್ಟಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ದೇವರ ಮನೆಗೆ ಬೀಗ ಹಾಕಿಸಲು ಪಾದ್ರಿಗಳಿಗೇನು ಅಧಿಕಾರ ಎಂದು ಸಿಡುಕಿದವರೂ ಆಗ ಇಲ್ಲದಿರಲಿಲ್ಲ.

ಕ್ರೈಸ್ತರ ಗ್ರಂಥವನ್ನೇ ನೋಡಿದರೆ, ಸಬ್ಬತ್ ದಿನದಲ್ಲಿ ಶಿಷ್ಯರು ಹೊಲದ ತೆನೆ ಕಿತ್ತದ್ದಕ್ಕಾಗಿ ಯೇಸುವಿನ ಮೇಲೆ ಫರಿಸಾಯರು ಮುನಿದರಷ್ಟೆ. ಮನುಷ್ಯನಿಗಾಗಿ ಆ ದಿನವೇ ಹೊರತು ದಿನಕ್ಕಾಗಿ ಮನುಷ್ಯನಲ್ಲವೆಂಬುದು ಆತನ ಉತ್ತರ. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲನು ಭಕ್ತರೇ ದೇವರ ಆಲಯವೆಂದಿದ್ದಾನೆ. ಸ್ಥಾವರ ಜಂಗಮಗಳ ಮಾತು ಕೇಳಿ ಬೆಳೆದ ಕನ್ನಡಿಗರಿಗೆ ಇದು ಹೊಸದೇನಲ್ಲ. ಜನರ ಜೀವ ಉಳಿಯಲೆಂದು ಬಾಗಿಲು ಮುಚ್ಚಿಸಿದ ಗುರುಗಳು ಗ್ರಂಥಕ್ಕೆ ವಿರುದ್ಧ ನಡೆದರೆಂದು ನಾವು ಒಪ್ಪಲಾರೆವು. ಹಾಗೆಂದು ಇಗರ್ಜಿಯೇ ಬೇಡವೆನ್ನುವ ವಾದವೂ ನಮಗೆ ಹಿಡಿಸದು. ಮರೋಲಿಗೆ ಹೋದವರು ಮೊದಲು ಮಾಡಿದ ಕೆಲಸ ಯಾವುದು?

ಅದೇ ಮಳೆಗಾಲದಲ್ಲಿ ನಮ್ಮ ಮನೆಯ ನಾಲ್ವರೂ ಹಾಸಿಗೆ ಹಿಡಿದೆವು. ಹಾಲಿನವನೂ ಕೆಳಗೇ ಚೀಲ ಇಟ್ಟು ಹೋಗುತ್ತಿದ್ದ ಕಾಲ. ಭಾನುವಾರ ಬೆಳಿಗ್ಗೆ, ಪೂಜೆಗೆ ಹೊರಡುತ್ತಿದ್ದ ಹೊತ್ತಿಗೆ ಸರಿಯಾಗಿ, ಬಾಯಮ್ಮನವರು ನಮ್ಮ ಬಾಗಿಲಲ್ಲಿ ಗಂಜಿಯ ಪಾತ್ರೆ ಇಟ್ಟು, ಗಂಟೆ ಒತ್ತಿ ಹೋದರು. ಮುಂದಿನ ಭಾನುವಾರವೂ ಹಾಗೆಯೇ. ಮೀನಿನ ವಾಸನೆಯ ವಿಷಯದಲ್ಲಿ ಅವರೊಡನೆ ಜಗಳ ತೆಗೆದು ಎರಡು ವರ್ಷ ಮಾತು ಬಿಟ್ಟಿದ್ದ ಮನೆ ನಮ್ಮದು. ಮೆಟ್ಟಿಲಲ್ಲಿ ಅವರು ಅತ್ತ ದಿನವೇ ನಾವು ಮತ್ತೆ ಬಾಯಿ ಬಿಟ್ಟದ್ದು. ಗಂಜಿಯೊಂದಿಗೆ ಉಪ್ಪಿನಕಾಯಿಯೂ ಇತ್ತು. ನಿಂಬೆಯದು, ಮೀನಿನದಲ್ಲವೆಂದು ಚೀಟಿಯಲ್ಲಿ ಬರೆದಿದ್ದರು.

ನವೆಂಬರಿನಲ್ಲಿ ಆರಾಧನಾಲಯಗಳು ತೆರೆದವು. ಮುಂದೊಂದು ಭಾನುವಾರ, ಪಾತ್ರೆ ಬರಿದಾಗಿ ಹಿಂತಿರುಗಬಾರದೆಂದು ಅದರ ತುಂಬ ಹೆಸರುಬೇಳೆ ಪಾಯಸ ಹಿಡಿದು ಮೇಲೆ ಹೋದರೆ ಅವರ ಮನೆಗೆ ಬೀಗ. ಪೂಜೆ ಮುಗಿದು ಬರುವ ತನಕ ನಾವು ಮೆಟ್ಟಿಲಲ್ಲೇ ಕುಳಿತಿದ್ದೆವು.