ಮೊಬೈಲಿನ ಉಗ್ರಾಣ ತುಂಬಿದಾಗ

ಮೊಬೈಲಿನಲ್ಲಿ ಸ್ಥಳವಿಲ್ಲವೆಂಬ ಸೂಚನೆ ಬಂದೊಡನೆ ಅನೇಕ ಮನೆಗಳಲ್ಲಿ ಮೊಮ್ಮಕ್ಕಳು ಹಿರಿಯರ ಫೋನನ್ನು ತೆಗೆದುಕೊಂಡು ಕಂಡದ್ದನ್ನೆಲ್ಲ ಅಳಿಸಿಬಿಡುತ್ತಾರೆ. ಶುಭೋದಯದ ಹೂಗುಚ್ಛಗಳೊಡನೆ ಅಗಲಿದ ಅಜ್ಜಿಯ ದನಿಯೂ ಹೊರಟುಹೋಗುತ್ತದೆ. ಓದುಗ ಬಂಧುಗಳೇ, ಹಿರಿಯರನ್ನು ಕೇಳಿಯೇ ಕೈಹಚ್ಚಿರಿ. ಇಂಥ ಧ್ವನಿಸಂದೇಶಗಳನ್ನೂ ಮದುವೆಯ ವಿಡಿಯೋಗಳನ್ನೂ ಮೊದಲು ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ನಕಲಿಸಿ, ಅವು ತೆರೆಯುತ್ತವೆಯೇ ಎಂದು ಪರೀಕ್ಷಿಸುವುದು ಲೇಸು.

ಅನಂತರ ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ ಸ್ಟೋರೇಜ್’ ಎಂಬುದನ್ನು ತೆರೆಯಬೇಕು. 5 ಎಂಬಿಗಿಂತ ದೊಡ್ಡ ಕಡತಗಳೂ ಹಲವು ಬಾರಿ ಕೈಬದಲಾದವುಗಳೂ ಅಲ್ಲಿ ಬೇರ್ಪಟ್ಟು ಕಾಣುತ್ತವೆ. ಸ್ಥಳವನ್ನು ನುಂಗಿರುವುದು ಬಹುಮಟ್ಟಿಗೆ ಇವೇ. ಆ್ಯಂಡ್ರಾಯ್ಡ್ ಫೋನಿನಲ್ಲಿ ಆ್ಯಪ್‌ಗಳ ‘ಕ್ಯಾಷ್’ ತೆಗೆದರೆ ಹಾನಿಯಿಲ್ಲ. ಪಕ್ಕದ ‘ಡೇಟಾ’ ಅಳಿಸಿದರೆ ಮಾತ್ರ ಫೋನಿನಲ್ಲಿ ಆ ಆ್ಯಪ್ ಕೂಡಿಟ್ಟುದೆಲ್ಲ ಹೋಗುತ್ತದೆ.

ಗೂಗಲ್ ಫೋಟೋಸ್ ಬಳಸುವವರು ವಿಶೇಷವಾಗಿ ಎಚ್ಚರ ವಹಿಸತಕ್ಕದ್ದು. ಅದರ ‘ಫ್ರೀ ಅಪ್ ಸ್ಪೇಸ್’ ಎಂಬ ಸೌಲಭ್ಯವು, ಈಗಾಗಲೇ ಗೂಗಲ್ಲಿನಲ್ಲಿ ಪ್ರತಿಯಿರುವ ಚಿತ್ರಗಳನ್ನಷ್ಟೇ ಫೋನಿನಿಂದ ತೆಗೆಯುತ್ತದೆ. ಆದರೆ ಅದೇ ಆ್ಯಪ್‌ನಲ್ಲಿ ಬರಿದೆ ‘ಡಿಲೀಟ್’ ಒತ್ತಿದರೆ ಎರಡೂ ಕಡೆಯ ಪ್ರತಿಗಳು ಹೋಗುತ್ತವೆ! ಹಾಗೆ ಅಳಿಸಿದ, ಗೂಗಲ್ಲಿನಲ್ಲಿ ಪ್ರತಿಯಿದ್ದ ಚಿತ್ರವು 60 ದಿನ ಕಸದ ಬುಟ್ಟಿಯಲ್ಲಿರುತ್ತದೆ. ಅಷ್ಟರೊಳಗೆ ಮರಳಿ ಪಡೆಯಬಹುದು.